ಮೆಕೆನ್ನಾಸ್ ಗೋಲ್ಡ್‌ನ ಕೊಲೊರಾಡೊ, ಅಂದ್ರೆ ಒಮರ್ ಷರೀಫ್, ನಿಜವಾಗಿಯೂ ಇಸ್ಪೀಟಿಗೆ ಹಾಳಾದವನಾ?

ತೀರ್ಥಹಳ್ಳಿ ಒಳಗಿನವ:

ನಮಸ್ಕಾರ. ಹಳೆ ಸಿನಿಮಾ ಗೊತ್ತಿರುವವರು ಒಂದು ಜಗಳ ಬಗೆಹರಿಸಿ ಕೊಡಿ. ಜಗಳ ನನಗೂ ನಮ್ಮ ಅಪ್ಪಯ್ಯನಿಗೂ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ಹದಿನೈದು ದಿನದಿಂದ ಮಳೆ ಹಿಡಿದುಕೊಂಡಿದೆ, ಹೊಳವೇ ಇಲ್ಲ, ಅಡಿಕೆಗೆ ಎರಡನೇ ಔಷಧಿ ಹೊಡೆಯೋದು ಬಾಕಿ, ಕರೆಂಟ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಅಪ್ಪಯ್ಯನಿಗೆ 74. ಜಗಲಿಯಲ್ಲಿ ಕೂತು ಮಳೆಗೆ ಬೈಯುವುದನ್ನು ನೋಡಲಾರದೆ ಮೊನ್ನೆ ಟಿವಿಗೆ ಮೊಬೈಲ್ ಸಿಕ್ಕಿಸಿ ಮೆಕೆನ್ನಾಸ್ ಗೋಲ್ಡ್ ಹಾಕಿ ಕೊಟ್ಟೆ. ಕಾಲೇಜಿನಲ್ಲಿದ್ದಾಗ ಶಿವಮೊಗ್ಗದ ಟಾಕೀಸಿನಲ್ಲಿ ಇದನ್ನು ನೋಡಿ, ಕೊನೆ ಬಸ್ ತಪ್ಪಿ, ಗೆಳೆಯನ ಜೊತೆ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮಲಗಿದ್ದರಂತೆ. ಈ ಕತೆ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ವಿಷಯ ಅದಲ್ಲ. ಅದರಲ್ಲಿ ಗ್ರೆಗರಿ ಪೆಕ್‌ನ ಹಿಡಿದುಕೊಂಡು ಹೋಗುವ ದರೋಡೆಕೋರ ಕೊಲೊರಾಡೊ ಇದ್ದಾನಲ್ಲ, ನಗುತ್ತಲೇ ಕೊಲ್ಲುವವನು, ಆ ಒಮರ್ ಷರೀಫ್‌ನ ಹೆಸರು ನಮ್ಮ ಮನೆಯಲ್ಲಿ ಸಣ್ಣಂದಿನಿಂದ ಕೇಳಿದ್ದೇನೆ. ಯಾಕೆ ಗೊತ್ತಾ? ನಾನು ಎಂಟನೇ ಕ್ಲಾಸಿನಲ್ಲಿ ಗಣಪತಿ ಹಬ್ಬದ ರಾತ್ರಿ ದೊಡ್ಡವರ ಪಕ್ಕ ಇಸ್ಪೀಟಿಗೆ ಕೂತಿದ್ದೆ. ಅಪ್ಪಯ್ಯ ಕಿವಿ ಹಿಡಿದು ಎಬ್ಬಿಸಿ, "ಒಮರ್ ಷರೀಫ್ ಅಂತ ಒಬ್ಬ ಇದ್ದ, ಈಜಿಪ್ಟಿನವನು, ಲೋಕಕ್ಕೇ ಚಂದದ ಗಂಡಸು, ಇಸ್ಪೀಟಿಗೆ ಬಿದ್ದು ಮನೆ ಮಠ ಕಳೆದುಕೊಂಡ" ಅಂದರು. ಆಮೇಲೆ ಯಾರು ಹಾಳಾದರೂ ನಮ್ಮ ಮನೆಯಲ್ಲಿ ಅವನದೇ ಉದಾಹರಣೆ.

ಈಗ ನಾನು ಹೇಳಿದ್ದು ಇಷ್ಟೇ: ಅಷ್ಟು ದೊಡ್ಡ ನಟ ಬರೀ ಇಸ್ಪೀಟಿಗೆ ಹಾಳಾಗಲಿಕ್ಕಿಲ್ಲ, ಇನ್ನೇನೋ ಇರಬೇಕು ಅಂತ. ಅಪ್ಪಯ್ಯ ಒಪ್ಪಲಿಲ್ಲ, ಊಟಕ್ಕೂ ಮಾತಾಡದೆ ಎದ್ದು ಹೋದರು. ಹಾಗಾಗಿ ಕೇಳುತ್ತಿದ್ದೇನೆ. ನಿಜ ಎಷ್ಟು? ಹಾಲಿವುಡ್‌ಗೆ ಹೋಗುವ ಮೊದಲು ಅವನು ಏನಾಗಿದ್ದ? ಲಾರೆನ್ಸ್ ಆಫ್ ಅರೇಬಿಯಾ, ಡಾಕ್ಟರ್ ಜಿವಾಗೊ ಬಿಟ್ಟು ಅಪ್ಪಯ್ಯನಿಗೆ ತೋರಿಸಬಹುದಾದ ಬೇರೆ ಸಿನಿಮಾ ಇದೆಯಾ?

ಹಳೇ ಟಾಕೀಸು:

ನಿಮ್ಮ ಅಪ್ಪಯ್ಯ ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಬಾಕಿ ಅರ್ಧವೇ ದೊಡ್ಡದು.

ಅವನು ಹುಟ್ಟಿದ್ದು 1932ರ ಏಪ್ರಿಲ್ 10ಕ್ಕೆ, ಅಲೆಕ್ಸಾಂಡ್ರಿಯಾದಲ್ಲಿ. ಹುಟ್ಟಿದಾಗ ಒಮರ್ ಅಲ್ಲ, ಮಿಷೆಲ್ ಷಲ್ಹೂಬ್. ಲೆಬನಾನ್, ಸಿರಿಯಾ ಕಡೆಯಿಂದ ಬಂದ ಕ್ರೈಸ್ತ ಮನೆತನ. ಅಪ್ಪ ಮರದ ವ್ಯಾಪಾರಿ, ಚೆನ್ನಾಗಿಯೇ ಇದ್ದವರು. ಅಮ್ಮ ಮನೆಯಲ್ಲಿ ಇಸ್ಪೀಟು ಆಡಿಸುತ್ತಿದ್ದರು, ಆಡಲು ಬರುತ್ತಿದ್ದವರಲ್ಲಿ ದೊರೆ ಫಾರೂಕ್ ಕೂಡ ಒಬ್ಬ! ಅಂದರೆ ಇಸ್ಪೀಟು ಅವನಿಗೆ ಹೊರಗೆ ಹತ್ತಿದ ಚಟ ಅಲ್ಲ, ತೊಟ್ಟಿಲಲ್ಲೇ ನೋಡಿದ್ದು. ವಿಕ್ಟೋರಿಯಾ ಕಾಲೇಜ್ ಅಂತ ಇಂಗ್ಲಿಷರ ಶಾಲೆ, ಆಮೇಲೆ ಕೈರೋ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ. ಓದು ಮುಗಿಸಿ ಸ್ವಲ್ಪ ದಿನ ಅಪ್ಪನ ಮರದ ವ್ಯಾಪಾರವನ್ನೂ ನೋಡಿಕೊಂಡ.

ಅಷ್ಟರಲ್ಲಿ ಯೂಸೆಫ್ ಷಹೀನ್ ಅಂತ ನಿರ್ದೇಶಕ, ಅವನೂ ಅಲೆಕ್ಸಾಂಡ್ರಿಯಾದವನೇ, 1954ರ ಸಿನಿಮಾಕ್ಕೆ ಇವನನ್ನು ನಾಯಕ ಮಾಡಿದ. ಎದುರಿಗೆ ಫಾತೆನ್ ಹಮಾಮಾ. ಆಕೆ ಎಂಟೊಂಬತ್ತು ವರ್ಷಕ್ಕೇ ತೆರೆಗೆ ಬಂದವಳು, ಅಷ್ಟೊತ್ತಿಗಾಗಲೇ ಅರಬ್ ನಾಡಿಗೆಲ್ಲ ದೊಡ್ಡ ತಾರೆ. ಅಲ್ಲಿಯವರೆಗೆ ತೆರೆಯ ಮೇಲೆ ಮುತ್ತು ಕೊಡಲು ಒಪ್ಪದಿದ್ದವಳು ಈ ಹೊಸ ಹುಡುಗನಿಗೆ ಒಪ್ಪಿದಳು ಅಂತ ಊರೆಲ್ಲ ಗಲಾಟೆ. ಮರುವರ್ಷ ಇಬ್ಬರೂ ಮದುವೆಯಾದರು. ಮದುವೆಗಾಗಿ ಅವನು ಇಸ್ಲಾಮಿಗೆ ಸೇರಿದ, ಮಿಷೆಲ್ ಹೋಗಿ ಒಮರ್ ಉಳಿದ. 1957ರಲ್ಲಿ ಮಗ ತಾರೆಕ್ ಹುಟ್ಟಿದ. ಡಾಕ್ಟರ್ ಜಿವಾಗೊದಲ್ಲಿ ಅಮ್ಮನ ಮಣ್ಣಿಗೆ ನಿಲ್ಲುವ ಪುಟ್ಟ ಹುಡುಗ ಇದ್ದಾನಲ್ಲ, ಅವನೇ ಈ ತಾರೆಕ್.

1962ರ ಲಾರೆನ್ಸ್ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. ಆದರೆ ಆ ಬಾವಿ ಹತ್ತಿರದ ದೃಶ್ಯ! ಮರಳುಗಾಡು, ಬಿಸಿಲುಗುದುರೆ, ದೂರದಲ್ಲಿ ಒಂದು ಕಪ್ಪು ಚುಕ್ಕಿ, ಅದು ಅಲುಗುತ್ತಾ ಅಲುಗುತ್ತಾ ಒಂಟೆಯಾಗುತ್ತೆ, ಒಂಟೆಯ ಮೇಲೆ ಮನುಷ್ಯ ಆಗುತ್ತೆ, ಯಾರೂ ಮಾತಾಡುವುದಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ, ಆಮೇಲೆ ಒಂದು ಗುಂಡು. ಒಬ್ಬ ನಟನನ್ನು ಲೋಕಕ್ಕೆ ಹೀಗೆ ಪರಿಚಯ ಮಾಡಿಕೊಟ್ಟಿದ್ದು ನಾನಂತೂ ಬೇರೆ ಕಂಡಿಲ್ಲ. ಪೋಷಕ ನಟ ಅಂತ ಆಸ್ಕರ್‌ಗೆ ಹೆಸರು ಹೋಯಿತು, ಸಿಗಲಿಲ್ಲ, ಗೋಲ್ಡನ್ ಗ್ಲೋಬ್ ಎರಡು ಸಿಕ್ಕವು. ಜೊತೆಗಿದ್ದ ಪೀಟರ್ ಒ'ಟೂಲ್ "ಒಮರ್ ಷರೀಫ್ ಅಂತ ಯಾರಿಗಾದರೂ ಹೆಸರಿರುತ್ತಾ" ಅನ್ನುವ ಹಾಗೆ ತಮಾಷೆ ಮಾಡಿ ಇವನನ್ನು ಫ್ರೆಡ್ ಅಂತಲೇ ಕರೆಯುತ್ತಿದ್ದ.

ಇನ್ನು ಹಾಳಾದ ವಿಷಯ. ಜೂಜು ಆಡುತ್ತಿದ್ದದ್ದು ಹೌದು, ಕ್ಯಾಸಿನೋದಲ್ಲಿ ದುಡ್ಡು ಕಳೆದದ್ದೂ ಹೌದು. ಸಾಲ ತೀರಿಸಲಿಕ್ಕೆ ಸಿಕ್ಕ ಸಿಕ್ಕ ಸಿನಿಮಾ ಒಪ್ಪಿಕೊಂಡೆ ಅಂತ ತಾನೇ ಹೇಳಿಕೊಂಡಿದ್ದಾನೆ. ಮನೆ ಇಲ್ಲದೆ ಪ್ಯಾರಿಸ್‌ನ ಹೋಟೆಲಿನಲ್ಲಿ ವರ್ಷಗಟ್ಟಲೆ ಇದ್ದ. ಆದರೆ ಮನೆ ಕಳೆದದ್ದು ಇಸ್ಪೀಟಿನಿಂದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಧ್ಯಕ್ಷ ನಾಸರ್ ಆಳುತ್ತಿದ್ದ ಕಾಲದ ಈಜಿಪ್ಟಿನಲ್ಲಿ ದೇಶ ಬಿಟ್ಟು ಹೊರಗೆ ಹೋಗಬೇಕಾದರೆ ಪ್ರತಿ ಸಲ ಸರ್ಕಾರದ ಪರವಾನಗಿ ಬೇಕಿತ್ತು. ಇವನ ಶೂಟಿಂಗ್ ಎಲ್ಲ ಹೊರಗೆ. ಒಳಗೆ ಹೋದರೆ ಮತ್ತೆ ಹೊರಗೆ ಬಿಡುತ್ತಾರೋ ಇಲ್ಲವೋ ಅನ್ನುವ ಹೆದರಿಕೆ. 1965ರ ಹೊತ್ತಿಗೆ ಹೊರಗೇ ಉಳಿದ. ಹೆಂಡತಿ ಅಲ್ಲಿ, ಇವನು ಇಲ್ಲಿ. 1974ರಲ್ಲಿ ಸೋಡಚೀಟಿ. ಮತ್ತೆ ಮದುವೆಯಾಗಲೇ ಇಲ್ಲ. ಮನೆ ಹೋದದ್ದು ಮೊದಲು, ಕ್ಯಾಸಿನೋ ಆಮೇಲೆ, ನಾನು ನೋಡುವುದು ಹೀಗೆ.

ನಾಟಾ ಮನೆ:

ಅಪ್ಪನದು ಮರದ ವ್ಯಾಪಾರ ಅಂದಿರಲ್ಲ, ಅದನ್ನು ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮ ಅಜ್ಜಯ್ಯನದೂ ಅದೇ, ಶಿವಮೊಗ್ಗದಲ್ಲಿ ನಾಟಾ ವ್ಯಾಪಾರ, ಸಾ ಮಿಲ್. ಬೀಟೆ, ಸಾಗುವಾನಿ, ಹೊನ್ನೆ ಅಂತ ಹೊಗರು ವಾಸನೆಯಲ್ಲೇ ಹೇಳುತ್ತಿದ್ದರು. ನಮ್ಮ ಚಿಕ್ಕಪ್ಪ ಬಿಎಸ್ಸಿ ಮುಗಿಸಿ ನಾಟಕದ ಹುಚ್ಚು ಹಿಡಿಸಿಕೊಂಡಾಗ ಅಜ್ಜಯ್ಯ ಆರು ತಿಂಗಳು ಮಾತು ಬಿಟ್ಟಿದ್ದರು. ಈಜಿಪ್ಟಿನಲ್ಲಿ ಅಷ್ಟು ಮರ ಎಲ್ಲಿ ಬರಬೇಕು ಹೇಳಿ, ಎಲ್ಲ ಹೊರಗಿನಿಂದ ಹಡಗಿನಲ್ಲಿ ತರಿಸಬೇಕು, ಅದಕ್ಕೇ ಬಂದರಿನ ಊರಲ್ಲಿ ಆ ವ್ಯಾಪಾರಕ್ಕೆ ಅಷ್ಟು ಬೆಲೆ. ಅಂಥ ಗದ್ದುಗೆ ಬಿಟ್ಟು ಸಿನಿಮಾಕ್ಕೆ ಹೋದ, ಮೇಲಿಂದ ಧರ್ಮವನ್ನೂ ಬಿಟ್ಟ. ಅವರ ಮನೆಯಲ್ಲಿ ಆ ದಿನ ಊಟ ಹೇಗೆ ಆಗಿರಬಹುದು ಅಂತ ನನಗೆ ಬೇರೆ ಯಾರೂ ಹೇಳಬೇಕಿಲ್ಲ.

ಆಟೀನ್ ರಾಣಿ:

ಸ್ವಲ್ಪ ತಡೀರಿ. ಎಲ್ಲರೂ ಇಸ್ಪೀಟು, ಜೂಜು, ಕ್ಯಾಸಿನೋ ಅಂತ ಒಂದೇ ಗೋಣಿಗೆ ತುಂಬುತ್ತಿದ್ದೀರಿ. ಒಮರ್ ಷರೀಫ್ ಆಡುತ್ತಿದ್ದದ್ದು ಬ್ರಿಜ್. ಕ್ಯಾಸಿನೋದಲ್ಲಿ ಚಕ್ರ ತಿರುಗಿಸುವ ರೂಲೆಟ್ ಬೇರೆ, ಬ್ರಿಜ್ ಬೇರೆ. ಕ್ಯಾಸಿನೋದಲ್ಲಿ ಕಳೆದದ್ದಕ್ಕೆ ಬ್ರಿಜ್‌ನ ಮೇಲೆ ಕೇಸು ಹಾಕಬೇಡಿ ಮಾರಾಯ್ರೇ.

ನಮ್ಮ ಕಡೆ ಇಪ್ಪತ್ತೆಂಟು ಆಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ನಾಲ್ಕು ಜನ, ಎದುರುಬದುರು ಜೋಡಿ, ಮೊದಲು ಕೂಗುವುದು, ತುರುಪು ಇಡುವುದು. ಬ್ರಿಜ್ ಅದರ ದೊಡ್ಡಪ್ಪ ಅಂತ ಇಟ್ಟುಕೊಳ್ಳಿ. ಐವತ್ತೆರಡೂ ಎಲೆ ಹಂಚಿ, ತಲೆಗೆ ಹದಿಮೂರು. ಕೂಗುವಾಗಲೇ ನಿಮ್ಮ ಕೈಯಲ್ಲಿ ಏನಿದೆ ಅಂತ ಎದುರಿನ ಜೋಡಿದಾರನಿಗೆ ಗೊತ್ತಾಗಬೇಕು, ಆದರೆ ಗುಟ್ಟಿನ ಸನ್ನೆ ಮಾಡುವ ಹಾಗಿಲ್ಲ. ಆಟ ಶುರುವಾದ ಮೇಲೆ ಒಬ್ಬನ ಎಲೆ ಪೂರ್ತಿ ಮೇಜಿನ ಮೇಲೆ ಬಿಚ್ಚಿ ಇಡುತ್ತಾರೆ. ದೊಡ್ಡ ಪಂದ್ಯಗಳಲ್ಲಿ ನಿಮಗೆ ಬಂದ ಎಲೆಗಳನ್ನೇ ಹಾಗೆಹಾಗೇ ಬೇರೆ ಮೇಜಿನಲ್ಲಿ ಬೇರೆಯವರಿಗೂ ಕೊಡುತ್ತಾರೆ, ಅದೇ ಎಲೆಯಲ್ಲಿ ಯಾರು ಜಾಸ್ತಿ ತೆಗೆದರು ಅಂತ ನೋಡುತ್ತಾರೆ. ಕೆಟ್ಟ ಎಲೆ ಬಂತು, ಅದೃಷ್ಟ ಇರಲಿಲ್ಲ ಅನ್ನುವ ನೆವಕ್ಕೇ ಜಾಗ ಇಲ್ಲ. ಗಣಿತ ಓದಿದವನಿಗೆ ಹುಚ್ಚು ಹಿಡಿಯದೆ ಇರುತ್ತಾ?

ಅವನಿಗೆ ಇದು ಹತ್ತಿದ್ದು ಈಜಿಪ್ಟಿನಲ್ಲೇ, ಶೂಟಿಂಗಿನಲ್ಲಿ ಬೆಳಕಿಗಾಗಿ ಕಾಯುವ ಹೊತ್ತಿನಲ್ಲಿ. 1964ರ ಬ್ರಿಜ್ ಒಲಿಂಪಿಯಾಡ್‌ನಲ್ಲಿ ತನ್ನ ದೇಶದ ಪರವಾಗಿ ಆಡಿದ. 1967ರಲ್ಲಿ ಬ್ರಿಜ್ ಸರ್ಕಸ್ ಅಂತ ತಂಡ ಕಟ್ಟಿದ, ಅದರಲ್ಲಿ ಇಟಲಿಯ ಗರೊಜ್ಜೊ, ಬೆಲ್ಲಡೊನ್ನಾ ತರದ ವಿಶ್ವ ಚಾಂಪಿಯನ್ನರು. ಊರೂರು ಸುತ್ತಿ ಜನರೆದುರು ಆಡಿ ತೋರಿಸುವುದು, ನಮ್ಮಲ್ಲಿ ಮೇಳ ತಿರುಗಾಟಕ್ಕೆ ಹೊರಟ ಹಾಗೆ. ಅಮೆರಿಕದ ಪತ್ರಿಕೆಗೆ ಬ್ರಿಜ್ ಪಂಡಿತ ಚಾರ್ಲ್ಸ್ ಗೊರೆನ್ ಜೊತೆ ಬ್ರಿಜ್ ಅಂಕಣ ಬರೆದ. ಅವನ ಹೆಸರಿನಲ್ಲಿ ಕಂಪ್ಯೂಟರ್ ಆಟ ಬಂತು. ಹಾಳಾದವನ ಲಕ್ಷಣವಾ ಇದು? ಕೊನೆಗೆ ವಯಸ್ಸಾದ ಮೇಲೆ ಯಾವ ಚಟಕ್ಕೂ ಆಳಾಗಿರಬಾರದು ಅಂತ ಅದನ್ನೂ ಬಿಟ್ಟ.

ಹಳೇ ಟಾಕೀಸಿನವರಿಗೆ ಒಂದು ತಕರಾರು. ಪಾಪ ಮನೆ ಇಲ್ಲದವನು ಅಂತ ಪೂರ್ತಿ ಅವನ ಪರ ವಾದ ಮಾಡಿದಿರಿ. ಪರವಾನಗಿ ತೊಂದರೆ ನಿಜ, ಆದರೆ ಹೋಟೆಲ್ ಬದುಕು ಅವನಿಗೆ ಇಷ್ಟವೇ ಆಗಿತ್ತು. ರೇಸಿನ ಕುದುರೆ ಸಾಕಿದ್ದ, ಒಳ್ಳೆ ಊಟ, ಒಳ್ಳೆ ಬಟ್ಟೆ. ಯಾರೂ ಕೈಹಿಡಿದು ಕ್ಯಾಸಿನೋಗೆ ಕರೆದುಕೊಂಡು ಹೋಗಲಿಲ್ಲ.

ಹಳೇ ಟಾಕೀಸು:

ಒಪ್ಪಿದೆ, ಕುದುರೆ ವಿಷಯ ಬಿಟ್ಟಿದ್ದೆ. ಆದರೂ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಹಾಲಿವುಡ್ ಅವನಿಗೆ ಕೊಟ್ಟ ಪಾತ್ರಗಳನ್ನು ಒಂದ್ಸಲ ನೋಡಿ: ರಷ್ಯಾದ ಡಾಕ್ಟರ್, ಮಂಗೋಲರ ಚೆಂಗೀಸ್ ಖಾನ್, ಆಸ್ಟ್ರಿಯಾದ ಯುವರಾಜ, ಜರ್ಮನ್ ಸೈನ್ಯಾಧಿಕಾರಿ, ಸ್ಪೇನಿನ ಪಾದ್ರಿ, ಮೆಕ್ಸಿಕೋದ ಕೊಲೊರಾಡೊ, ಚೆ ಗುವಾರಾ. ಜಿವಾಗೊ ಮಾಡುವಾಗ ರಷ್ಯದವನ ಹಾಗೆ ಕಾಣಲಿ ಅಂತ ಕಣ್ಣಿನ ಪಕ್ಕದ ಚರ್ಮ ಎಳೆದು ಅಂಟಿಸಿ, ಗುಂಗುರು ಕೂದಲು ನೇರ ಮಾಡುತ್ತಿದ್ದರು. ಅವನ ಇಂಗ್ಲಿಷಿನಲ್ಲಿ ಹೊರಗಿನವನ ರಾಗ ಇತ್ತು, ಎಲ್ಲಿಯವನು ಅಂತ ಹೇಳಲಾಗದ ರಾಗ. ಹಾಗಾಗಿ ಎಲ್ಲಾ ದೇಶದವನೂ ಆದ, ಈಜಿಪ್ಟಿನವನು ಮಾತ್ರ ಆಗಲಿಲ್ಲ. ಕೊಲೊರಾಡೊದಲ್ಲಿ ಅವನು ಅಷ್ಟು ಖುಷಿಯಾಗಿ ಕಾಣುವುದಕ್ಕೆ ಕಾರಣ, ನನ್ನ ಪ್ರಕಾರ, ಅಲ್ಲಿ ಯಾರೂ ಅವನಿಂದ ಗಂಭೀರ ನಟನೆ ಕೇಳಿಲ್ಲ, ಸುಮ್ನೆ ಆಡಿಕೊಂಡು ಹೋಗಿದ್ದಾನೆ. ಆ ಸಿನಿಮಾ ಅಮೆರಿಕದಲ್ಲಿ ಅಷ್ಟಕ್ಕಷ್ಟೇ, ನಮ್ಮ ದೇಶದಲ್ಲಿ ಮಾತ್ರ ವರ್ಷಗಟ್ಟಲೆ ತಿರುಗಿ ತಿರುಗಿ ಓಡಿತು.

ಫನ್ನಿ ಗರ್ಲ್ ಕತೆ ಇನ್ನೊಂದು. 1967ರಲ್ಲಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಜೊತೆ ಅದರ ಕೆಲಸ ನಡೆಯುವ ಹೊತ್ತಿಗೇ ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ಯುದ್ಧ ಆಗಿತ್ತು. ಆಕೆ ಯೆಹೂದಿ, ಇಸ್ರೇಲಿನ ಪರ ಇದ್ದವಳು. ಇಬ್ಬರೂ ಮುತ್ತು ಕೊಡುವ ಫೋಟೋ ಪೇಪರಿಗೆ ಬಂದದ್ದೇ ತಡ ಕೈರೋ ಪತ್ರಿಕೆಗಳು ಉರಿದುಬಿದ್ದವು, ಸಿನಿಮಾ ಅಲ್ಲಿ ಬಿಡುಗಡೆಯಾಗಲಿಲ್ಲ. ಅದರಲ್ಲಿ ಅವನ ಪಾತ್ರ ಏನು ಗೊತ್ತಾ? ಜೂಜುಕೋರ. ಇದನ್ನು ನಿಮ್ಮ ಅಪ್ಪಯ್ಯನಿಗೆ ಹೇಳಬೇಡಿ, ಗೆದ್ದೆ ಅಂತ ಕುಣಿಯುತ್ತಾರೆ.

ಹೆಗ್ಗೋಡು ಬಸ್:

ಯಾರೂ ಅವರ ಮೂರನೇ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ. ತೋರಿಸುವುದು ಏನನ್ನು?

ನಾನು ಸಾಗರ ಕಡೆಯವಳು, ಹೆಗ್ಗೋಡಿನ ಚಿತ್ರಸಮಾಜದ ದೆಸೆಯಿಂದ ಹೊರದೇಶದ ಸಿನಿಮಾ ನೋಡುವ ಚಾಳಿ ಹತ್ತಿಸಿಕೊಂಡವಳು. ನನ್ನ ಮಾತು ಕೇಳುವುದಾದರೆ ಹಾಲಿವುಡ್ ಬದಿಗಿಡಿ. ಷಹೀನ್ ತೆಗೆದ ಆ 1954ರ ಸಿನಿಮಾ, ಒಮರ್‌ನ ಮೊದಲನೇದು, ಸಿರಾ ಫಿಲ್ ವಾದಿ, ಅದನ್ನೇ ಹಾಕಿ. ಕಣಿವೆಯ ಕಾಳಗ ಅಂತ ಅರ್ಥ. ಕಪ್ಪು ಬಿಳುಪು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುತ್ತೆ.

ಕತೆ ನಮಗೆ ದೂರದ್ದಲ್ಲ. ಊರಿನ ಹುಡುಗ ಕೃಷಿ ಓದಿ ವಾಪಸ್ ಬರುತ್ತಾನೆ. ಬಡ ರೈತರ ಕಬ್ಬು ಚೆನ್ನಾಗಿ ಬರುವ ಹಾಗೆ ಮಾಡುತ್ತಾನೆ. ಸಕ್ಕರೆ ಕಾರ್ಖಾನೆಯವರು ಒಡೆಯನಾದ ಪಾಶಾನ ಕಬ್ಬು ಬಿಟ್ಟು ರೈತರ ಕಬ್ಬು ಕೊಳ್ಳುವ ಹಾಗಾಗುತ್ತೆ. ಪಾಶಾನ ಕಡೆಯವರು ನೀರು ಬಿಟ್ಟು ಊರಿನ ಬೆಳೆಯನ್ನೇ ಮುಳುಗಿಸುತ್ತಾರೆ. ಆಮೇಲೆ ಒಂದು ಕೊಲೆ, ಅದನ್ನು ಹುಡುಗನ ಅಪ್ಪನ ತಲೆಗೆ ಕಟ್ಟಿ ಗಲ್ಲಿಗೆ ಹಾಕಿಸುತ್ತಾರೆ. ಹುಡುಗ ಪ್ರೀತಿಸುವುದು ಅದೇ ಪಾಶಾನ ಮಗಳನ್ನು. ಕೊನೆಯ ಓಟ ಕಾರ್ನಾಕ್ ದೇವಸ್ಥಾನದ ಆ ದೈತ್ಯ ಕಂಬಗಳ ನಡುವೆ.

ಇದನ್ನು ನೋಡುವಾಗ ನನಗೆ ಕಾಗೋಡು ನೆನಪಾಗದೆ ಇರಲಿಲ್ಲ. 1951ರಲ್ಲಿ ಗೇಣಿ ಅಳೆಯುವ ಕೊಳಗದ ಮೇಲೆ ನಮ್ಮಲ್ಲಿ ಜಗಳ ಎದ್ದಿತು, ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋದರು. ಅಲ್ಲಿ 1952ರಲ್ಲಿ ದೊರೆ ಫಾರೂಕ್ ಗಂಟುಮೂಟೆ ಕಟ್ಟಿದ, ಅದೇ ವರ್ಷ ದೊಡ್ಡ ಜಮೀನ್ದಾರರ ಭೂಮಿಗೆ ಮಿತಿ ಹಾಕಿದರು. ಆ ಬಿಸಿ ಆರುವ ಮೊದಲೇ ತೆಗೆದ ಸಿನಿಮಾ ಇದು. ತಮಾಷೆ ಏನೆಂದರೆ, ಅಮ್ಮನ ಇಸ್ಪೀಟು ಮೇಜಿಗೆ ಬರುತ್ತಿದ್ದ ದೊರೆ ಓಡಿಹೋದ ಒಂದೂವರೆ ವರ್ಷಕ್ಕೆ ಮಗ ತೆರೆಯ ಮೇಲೆ ಬಡವರ ಪರ ನಿಂತಿದ್ದ.

ಒಮರ್ ಇದರಲ್ಲಿ ಎಷ್ಟು ಚೆನ್ನಾಗಿದ್ದಾನೆ ಅಂದರೆ, ಇನ್ನೂ ಮೀಸೆಯ ಸ್ಟೈಲ್ ಇಲ್ಲ, ಹಲ್ಲಿನ ನಡುವೆ ಆ ಸಂದು, ಅಪ್ಪನ ವಿಷಯಕ್ಕೆ ಅಳುವಾಗ ಮುಖ ಮುಚ್ಚಿಕೊಳ್ಳಲೂ ಗೊತ್ತಿಲ್ಲದವನ ಹಾಗೆ ಅಳುತ್ತಾನೆ. ಜಿವಾಗೊದಲ್ಲಿ ಒದ್ದೆ ಕಣ್ಣು ಇಟ್ಟುಕೊಂಡು ಮೂರು ಗಂಟೆ ಸುಮ್ಮನಿರುವುದಕ್ಕಿಂತ ಇದು ನನಗೆ ಮೇಲು. ಇದು ಹಿಡಿಸಿದರೆ ಆಮೇಲೆ 1960ರ ನಹ್ರ್ ಅಲ್-ಹುಬ್ ನೋಡಿ, ಟಾಲ್‌ಸ್ಟಾಯ್‌ನ ಅನ್ನಾ ಕರೆನಿನಾವನ್ನು ಈಜಿಪ್ಟಿಗೆ ತಂದದ್ದು, ಅದರಲ್ಲೂ ಫಾತೆನ್ ಹಮಾಮಾ ಇದ್ದಾಳೆ. ಅದೇ ವರ್ಷ ನಜೀಬ್ ಮಹ್‌ಫೂಜ್ ಕಾದಂಬರಿಯಿಂದ ಮಾಡಿದ ಬಿದಾಯಾ ವ ನಿಹಾಯಾ ಕೂಡ ಇದೆ, ಅದು ಮಳೆಗಾಲಕ್ಕೆ ಬೇಡ, ತುಂಬಾ ಭಾರ.

ಮುದಿ ವಯಸ್ಸಿನದ್ದು ಬೇಕಿದ್ದರೆ 2003ರ ಮಸ್ಯೂ ಇಬ್ರಾಹಿಂ, ಪ್ಯಾರಿಸ್‌ನ ಗಲ್ಲಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡ ಮುದುಕ ಮತ್ತು ಒಬ್ಬ ಯೆಹೂದಿ ಹುಡುಗ. ಅದಕ್ಕೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಸಿಕ್ಕಿತು. 2008ರಲ್ಲಿ ಈಜಿಪ್ಟಿನ ಹಾಸ್ಯನಟ ಆದೆಲ್ ಇಮಾಮ್ ಜೊತೆ ಹಸನ್ ಮತ್ತು ಮರ್ಕುಸ್ ಮಾಡಿದ, ಜೀವ ಉಳಿಸಿಕೊಳ್ಳಲು ಒಬ್ಬ ಮುಸ್ಲಿಂ ಕ್ರೈಸ್ತನ ವೇಷ, ಒಬ್ಬ ಕ್ರೈಸ್ತ ಮುಸ್ಲಿಮನ ವೇಷ ಹಾಕುವ ಕತೆ. ಮಿಷೆಲ್ ಆಗಿ ಹುಟ್ಟಿ ಒಮರ್ ಆದವನಿಗೆ ಅದರಲ್ಲಿ ಕ್ರೈಸ್ತನಾಗಿ ನಟಿಸುವ ಮುಸ್ಲಿಂ ಪಾತ್ರ. ನಗುತ್ತಾ ನೋಡಬಹುದು.

ತೀರ್ಥಹಳ್ಳಿ ಒಳಗಿನವ:

ಎಲ್ಲರಿಗೂ ಥ್ಯಾಂಕ್ಸ್. ಹೆಗ್ಗೋಡು ಬಸ್ ಅಕ್ಕನವರೇ, ಅರ್ಧ ಕತೆ ಹೇಳಿಯೇ ಬಿಟ್ಟಿರಿ, ಆದರೂ ನೋಡಿದೆವು. ಎರಡು ಸಲ ಕರೆಂಟ್ ಹೋಗಿ, ನಡುವೆ ಅಮ್ಮ ಬಿಸಿ ಹಲಸಿನಕಾಯಿ ಹಪ್ಪಳ ಕರೆದು ಕೊಟ್ಟು, ಒಟ್ಟು ಮೂರುವರೆ ಗಂಟೆ ಆಯಿತು.

ಮೊದಲರ್ಧ ಗಂಟೆ ಅಪ್ಪಯ್ಯ "ಇವನು ಕುದುರೆ ಹತ್ತೋದು ಯಾವಾಗ" ಅಂತ ಕೇಳುತ್ತಲೇ ಇದ್ದರು. ನೀರು ಬಿಟ್ಟು ಬೆಳೆ ಮುಳುಗಿಸುವ ಜಾಗಕ್ಕೆ ಬಂದ ಮೇಲೆ ಮಾತು ನಿಂತಿತು. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಅವರಿಗೆ ಸರಿಯಾಗಿ ಕಾಣುವುದಿಲ್ಲ, ನಾನು ಓದಿ ಹೇಳುತ್ತಿದ್ದೆ, ಒಂದು ಹಂತದಲ್ಲಿ "ನೀನು ಸುಮ್ಮನಿರು, ಗೊತ್ತಾಗುತ್ತೆ" ಅಂದರು. ಅಪ್ಪನನ್ನು ಗಲ್ಲಿಗೆ ಕರೆದುಕೊಂಡು ಹೋಗುವಾಗ ಎದ್ದು ಜಗಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದರು.

ಮುಗಿದ ಮೇಲೆ ಆ ಹುಡುಗಿಯನ್ನೇ ನಿಜಕ್ಕೂ ಮದುವೆ ಆದ ಅಂತ ಹೇಳಿದೆ, ದೇಶ ಬಿಟ್ಟದ್ದು, ಸೋಡಚೀಟಿ ಎಲ್ಲ ಹೇಳಿದೆ. ಕೊನೆಗೆ ಏನಾಯಿತು ಅಂತ ಕೇಳಿದರು. ಅದು ನನಗೆ ಗೊತ್ತಿರಲಿಲ್ಲ, ಹೇಳ್ತೀರಾ?

ಹಳೇ ಟಾಕೀಸು:

ಕೊನೆಗೆ ಊರಿಗೆ ವಾಪಸ್ ಬಂದ. 1989ರ ಅಲ್-ಅರಾಗೋಜ್‌ನಲ್ಲಿ ಬೊಂಬೆ ಆಡಿಸುವವನ ಪಾತ್ರ ಮಾಡಿದ, ಅಂದರೆ ಅಷ್ಟೊತ್ತಿಗೆ ಈಜಿಪ್ಟಿನ ಸಿನಿಮಾ ಮತ್ತೆ ಅವನನ್ನು ಒಳಗೆ ಸೇರಿಸಿಕೊಂಡಿತ್ತು. ವಯಸ್ಸಾದ ಮೇಲೆ ಇದ್ದದ್ದು ಕೈರೋದಲ್ಲೇ, ಅಲ್ಲೂ ಜಾಸ್ತಿ ಹೋಟೆಲೇ. ಕೊನೆಗೆ ಮರೆವಿನ ಕಾಯಿಲೆ, ಆಲ್ಝೈಮರ್ಸ್. 2015ರ ಮೇನಲ್ಲಿ ಮಗ ತಾರೆಕ್ ಅದನ್ನು ಹೊರಗೆ ಹೇಳಿದ. ತಾನು ದೊಡ್ಡ ನಟ ಅನ್ನುವುದು ನೆನಪಿತ್ತಂತೆ, ಯಾವ ಸಿನಿಮಾ ಯಾವುದು ಅನ್ನುವುದು ಕಲಸಿಹೋಗಿತ್ತು. ಆ ವರ್ಷ ಜನವರಿ 17ಕ್ಕೆ ಫಾತೆನ್ ಹಮಾಮಾ ತೀರಿಕೊಂಡಿದ್ದಳು. ಇವನು ಜುಲೈ 10ಕ್ಕೆ, ಹೃದಯಾಘಾತ, 83 ವರ್ಷ. ನಡುವೆ ಆರು ತಿಂಗಳೂ ಇಲ್ಲ.

ಆಟೀನ್ ರಾಣಿ:

ಇದೆಲ್ಲ ಸರಿ, ಇಸ್ಪೀಟಿನ ವಿಷಯಕ್ಕೆ ಅಪ್ಪಯ್ಯ ಏನೆಂದರು?

ತೀರ್ಥಹಳ್ಳಿ ಒಳಗಿನವ:

ಬ್ರಿಜ್ ಬಗ್ಗೆ ನೀವು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಗಮನ ಇಟ್ಟು ಕೇಳಿದರು. ಅದೇ ಎಲೆಯನ್ನು ಬೇರೆ ಮೇಜಿನಲ್ಲಿ ಬೇರೆಯವರಿಗೂ ಕೊಡುತ್ತಾರೆ ಅನ್ನುವುದು ತುಂಬಾ ಹಿಡಿಸಿತು, "ಅದು ನ್ಯಾಯ" ಅಂದರು. ಆಮೇಲೆ ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ, "ಆದರೂ ಎಂಟನೇ ಕ್ಲಾಸಿನವನು ಕೂರಬಾರದಿತ್ತು" ಅಂದರು.

ರಾತ್ರಿ ಶಿವಮೊಗ್ಗದ ಆ ಬಸ್ ಸ್ಟ್ಯಾಂಡಿನ ಗೆಳೆಯನಿಗೆ ಫೋನ್ ಹಚ್ಚಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದ್ದಾರೆ. "ಕೊಲೊರಾಡೊ ಮೊದಲು ಕಬ್ಬಿನ ಗದ್ದೆಯವನಂತೆ ಮಾರಾಯ" ಅನ್ನುವುದು ಒಳಗಿನ ಕೋಣೆಗೂ ಕೇಳುತ್ತಿತ್ತು.

ಇವತ್ತು ಬೆಳಿಗ್ಗೆಯಿಂದ ಹೊಳವಾಗಿದೆ, ಔಷಧಿ ಹೊಡೆಯಲು ಜನ ಬಂದಿದ್ದಾರೆ, ಹೊರಟೆ. ನಹ್ರ್ ಅಲ್-ಹುಬ್ ನಾಳೆ ರಾತ್ರಿಗೆ, ಕರೆಂಟ್ ಇದ್ದರೆ.